ಮೆಕ್ಯಾನಿಕ್ ಹೆನ್ರಿ ರಾಯ್ಸ್

ಹಳೆಯ ಮೋಟಾರು ಬಂಡಿಗಳ ಮೆರವಣಿಗೆಯು ಈಗ ನಮ್ಮ ದೊಡ್ಡ ಪಟ್ಟಣಗಳಲ್ಲಿ ಆಗಾಗ ಕಾಣಬರುವ ಉತ್ಸವವಾಗಿದೆ. ಬಹುಕಾಲ ಕೊಟ್ಟಿಗೆಯ ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಬಂಡಿಯನ್ನು ಹೊರಕ್ಕೆ ತೆಗೆದು, ಬಿಡಿಬಿಡಿಯಾಗಿ ಕಳಚಿ, ಸವೆದ ಭಾಗವನ್ನು ಹೊಸದಾಗಿ ಕಡೆದು, ಪುನಃ ಜೋಡಿಸಿ ರಸ್ತೆಗಿಳಿಸುವ ಮಹನೀಯರು ಪ್ರಶಂಸೆಗೆ ಪಾತ್ರರೆಂಬುದರಲ್ಲಿ ಸಂಶಯವಿಲ್ಲ. ತೀರ್ಪುಗಾರರು ಬಂದು ಬಣ್ಣವನ್ನೂ ಚರ್ಮದ ಆಸನಗಳನ್ನೂ ಹಿತ್ತಾಳೆಯ ದೀಪಗಳನ್ನೂ ಪರೀಕ್ಷಿಸಿ ಬಹುಮಾನ ಹಂಚುತ್ತಾರೆ. ಬಂಡಿಯ ಮುಂದೆ ನಿಲ್ಲಿಸಿದ ಹಲಗೆಯ ಮೇಲೆ ಅದು ಯಾವ ಮಹಾರಾಜರ ಸವಾರಿಗೆ ಬಂದುದು, ಈಗ ಯಾವ ಶ್ರೀಮಂತರ ವಶದಲ್ಲಿದೆ ಎಂಬ ವಿವರಗಳೆಲ್ಲ ಇರುತ್ತವೆ. ಅದನ್ನು ಮಾಡಿದವನಾರೆಂಬ ಸಂಗತಿ ಮಾತ್ರ ಸಾಮಾನ್ಯವಾಗಿ ಆ ಹಲಗೆಯ ಮೇಲಿರುವುದಿಲ್ಲ.

ಇಂಥ ಮೆರವಣಿಗೆಗಳಲ್ಲಿ ಜನರು ಎಲ್ಲಕ್ಕಿಂತ ಹೆಚ್ಚಾಗಿ ಮುತ್ತುವುದು ರೋಲ್ಸ್ ರಾಯ್ಸ್ ಬಂಡಿಯನ್ನು. ಎರಡು ಹೆಸರುಗಳು ಕೂಡಿ ಒಂದೇ ಆಗಿಹೋಗಿರುವುದರಿಂದ ಅದು ಒಬ್ಬನೇ ವ್ಯಕ್ತಿಯ ಹೆಸರೆಂದು ನಂಬಿರುವವರೂ ಉಂಟು. ಅವರಿಬ್ಬರಲ್ಲಿ ರೋಲ್ಸನು ಪ್ರಭುಪುತ್ರ, ಕೇಂಬ್ರಿಡ್ಜಿನಲ್ಲಿ ಓದಿದವನು, ಬಂಡಿಯನ್ನು ಮಾರಿದವನು. ರಾಯ್ಸನು ದಿವಾಳಿಯೆದ್ದ ಹಿಟ್ಟಿನ ಗಿರಣಿಯವನ ಮಗ. ಶಾಲೆಯಲ್ಲಿ ಕುಳಿತ ಕಾಲವನ್ನೆಲ್ಲ ಕೂಡಿಸಿದರೆ ಒಂದು ವರ್ಷದಷ್ಟಾದೀತು. ಬಂಡಿಯನ್ನು ಮಾಡಿದವನು ಆತನೇ. ಸರ್ಕಾರವು ಮುಂದೆ ಆತನಿಗೆ ಸರ್ ಪದವಿಯನ್ನು ಕೊಟ್ಟಿತಾದರೂ ತಾನು ಮೆಕ್ಯಾನಿಕ್ ಎಂದು ಹೇಳಿಕೊಳ್ಳುವುದರಲ್ಲಿಯೇ ಆತನಿಗೆ ತೃಪ್ತಿಯಿತ್ತು. ಆತನ ಚರಿತ್ರೆಯನ್ನು ನಮ್ಮ ವಾಚಕರ ಮುಂದಿಡಲು ಇದೇ ನಮಗೆ ಸಾಕಾದ ಕಾರಣವಾಗಿದೆ.

ಫ್ರೆಡರಿಕ್ ಹೆನ್ರಿ ರಾಯ್ಸನು 1863ನೆಯ ಮಾರ್ಚಿ 27ರಂದು ಇಂಗ್ಲೆಂಡಿನ ಪೀಟರ್‌ಬರೋ ಪಟ್ಟಣದ ಬಳಿಯ ಆಲ್ವಾಲ್ಟನ್ ಎಂಬ ಹಳ್ಳಿಯಲ್ಲಿ ಜನಿಸಿದನು. ಐವರು ಮಕ್ಕಳಲ್ಲಿ ಆತನೇ ಕಿರಿಯವನು. ತಂದೆ ಜೇಮ್ಸನ ಗಿರಣಿಯ ವ್ಯಾಪಾರವು ಕೆಟ್ಟು, ಸಂಸಾರವು ಲಂಡನ್ನಿಗೆ ಬಂದಿತು. 1872ರಲ್ಲಿ ತಂದೆ ತೀರಿಕೊಂಡನು. ಆಗ ಹುಡುಗನಿಗೆ ಒಂಬತ್ತು ವರ್ಷ. ಆ ವಯಸ್ಸಿನಲ್ಲಿ ನಮ್ಮ ಮಕ್ಕಳು ಮಗ್ಗಿ ಒಪ್ಪಿಸುತ್ತಿರುತ್ತಾರೆ. ಈತನು ಲಂಡನ್ನಿನ ಬೀದಿಗಳಲ್ಲಿ ವೃತ್ತಪತ್ರಿಕೆ ಮಾರಿ ಹೊಟ್ಟೆ ಹೊರೆದನು. ಅನಂತರ ತಂತಿಯ ಕಚೇರಿಯಲ್ಲಿ ಮನೆಮನೆಗೆ ತಂತಿ ಮುಟ್ಟಿಸುವ ಹುಡುಗನಾದನು. ಊಟವೆಂದರೆ ಎಷ್ಟೋ ದಿನ ಹಾಲಿನಲ್ಲಿ ನೆನೆಸಿದ ಎರಡು ತುಂಡು ರೊಟ್ಟಿ. ದೇಹವು ಬೆಳೆಯುವ ಕಾಲದಲ್ಲಿ ಬಿದ್ದ ಈ ಹಸಿವಿನ ಸಾಲವನ್ನು ಆತನು ಮುಂದೆ ಜೀವಮಾನವೆಲ್ಲ ರೋಗದ ರೂಪದಲ್ಲಿ ತೀರಿಸಬೇಕಾಯಿತು.

1878ರಲ್ಲಿ ಹುಡುಗನ ಮೇಲೆ ಕನಿಕರಗೊಂಡ ಅತ್ತೆಯೊಬ್ಬಳು ವರ್ಷಕ್ಕೆ 20 ಪೌಂಡು ಶುಲ್ಕ ಕೊಟ್ಟು ಆತನನ್ನು ಪೀಟರ್‌ಬರೋದಲ್ಲಿದ್ದ ಗ್ರೇಟ್ ನಾರ್ದರ್ನ್ ರೈಲ್ವೆಯ ಕಾರ್ಖಾನೆಗೆ ಉಮೇದುವಾರನನ್ನಾಗಿ ಸೇರಿಸಿದಳು. ಆತನಿಗೆ ಬಿಡಾರ ಕೊಟ್ಟ ಮನೆಯ ಯಜಮಾನನೂ ಅದೇ ಕಾರ್ಖಾನೆಯ ಕೆಲಸಗಾರ. ತನ್ನ ಹಿತ್ತಿಲಿನ ಗುಡಿಸಲಿನಲ್ಲಿ ಒಂದು ಲೇತು ಯಂತ್ರವನ್ನೂ ಬಡಗಿಯ ಉಪಕರಣಗಳನ್ನೂ ಇಟ್ಟುಕೊಂಡಿದ್ದವನು. ಹಗಲು ರೈಲ್ವೆ ಕಾರ್ಖಾನೆ, ಸಂಜೆ ಹಿತ್ತಿಲ ಗುಡಿಸಲು. ಅರದಿಂದ ಉಜ್ಜುವುದು, ಕೊರೆಯುವುದು, ಕಡೆಯುವುದು, ಇವೆಲ್ಲ ಹೀಗೆ ಆತನ ಕೈಗೆ ಬಂದವು. ಮಿಕ್ಕ ವೇಳೆಯಲ್ಲಿ ವಿದ್ಯುಚ್ಛಕ್ತಿ, ಬೀಜಗಣಿತ, ಪರಭಾಷೆ ಮುಂತಾದುವನ್ನು ತಾನೇ ಪುಸ್ತಕವಿಟ್ಟುಕೊಂಡು ಕಲಿಯತೊಡಗಿದನು. ಆದರೆ ಅದೃಷ್ಟವು ಅಲ್ಲಿಯೂ ಕೈಕೊಟ್ಟಿತು. ಅವಧಿ ಮುಗಿಯುವುದಕ್ಕೆ ಮೊದಲೇ ಅತ್ತೆಯ ಕೈ ಬರಿದಾಗಿ, ಶುಲ್ಕ ನಿಂತು, ಪೂರ್ಣ ಉಮೇದುವಾರಿಯ ಸರ್ಟಿಫಿಕೇಟು ಇಲ್ಲದೆಯೇ ಆತನು ಹೊರಬೀಳಬೇಕಾಯಿತು. ಸರ್ಟಿಫಿಕೇಟು ಇಲ್ಲದವನನ್ನು ನಮ್ಮ ಕಚೇರಿಗಳು ಹೇಗೆ ನೋಡುತ್ತವೆಂಬುದು ವಾಚಕರಿಗೆ ತಿಳಿಯದ ಸಂಗತಿಯಲ್ಲ. ಆಗಿನ ಇಂಗ್ಲೆಂಡಿನಲ್ಲಿಯೂ ಅದೇ ರೀತಿ. ಕೆಲಸವನ್ನು ಹುಡುಕುತ್ತ ಉತ್ತರಕ್ಕೆ ಹೋದ ಯುವಕನಿಗೆ ಲೀಡ್ಸ್ ನಗರದಲ್ಲಿ ಉಪಕರಣ ಮಾಡುವವರ ಬಳಿ ವಾರಕ್ಕೆ 54 ಗಂಟೆಗಳ ದುಡಿಮೆಗೆ 11 ಷಿಲ್ಲಿಂಗಿನ ಕೂಲಿ ದೊರೆಯಿತು.

ಅಲ್ಲಿಂದ ಮುಂದೆ ಆತನು ಹಿಡಿದುದು ವಿದ್ಯುತ್ತಿನ ದಾರಿಯನ್ನು. ಲಂಡನ್ನಿನ ವಿದ್ಯುದ್ದೀಪದ ಕಂಪೆನಿಯೊಂದರಲ್ಲಿ ಚಾಕರಿ, ರಾತ್ರಿ ಫಿನ್ಸ್‌ಬರಿಯಲ್ಲಿ ಪಾಠ. 1882ರಲ್ಲಿ ಅದೇ ಕಂಪೆನಿಯವರ ಶಾಖೆಯು ಆತನನ್ನು ಲಿವರ್‌ಪೂಲಿಗೆ ಬೀದಿದೀಪಗಳ ಕೆಲಸಕ್ಕೆ ಕಳುಹಿಸಿತು, ಕಂಪೆನಿ ಮುಳುಗಿತು, ರಾಯ್ಸನು ಇಪ್ಪತ್ತೊಂದನೆಯ ವರ್ಷದಲ್ಲಿ ಪುನಃ ನಿರುದ್ಯೋಗಿಯಾದನು. ಆಗ ಆತನ ಉಳಿತಾಯ 20 ಪೌಂಡು. ಅರ್ನೆಸ್ಟ್ ಕ್ಲೇರ್‌ಮಂಟ್ ಎಂಬ ಮಿತ್ರನು 50 ಪೌಂಡು ಹಾಕಿದನು. ಈ 70 ಪೌಂಡುಗಳಿಂದ 1884ರಲ್ಲಿ ಮ್ಯಾಂಚೆಸ್ಟರಿನ ಕುಕ್ ಸ್ಟ್ರೀಟಿನಲ್ಲಿ ಎಫ್. ಎಚ್. ರಾಯ್ಸ್ ಅಂಡ್ ಕಂಪೆನಿ ಪ್ರಾರಂಭವಾಯಿತು. ಪಾಲುದಾರರಿಬ್ಬರೂ ಕಾರ್ಖಾನೆಯ ಮೇಲಣ ಕೋಣೆಯಲ್ಲಿಯೇ ವಾಸಿಸಿ, ಕೆಲಸಕ್ಕೆಂದು ಇಟ್ಟಿದ್ದ ಕುಲುಮೆಯ ಮೇಲೆಯೇ ಅಡಿಗೆ ಬೇಯಿಸಿಕೊಂಡು ಹಲವು ವರ್ಷ ಕಳೆದರು. ಮೊದಲು ಮನೆಗಳ ವಿದ್ಯುತ್ ಗಂಟೆ, ದೀಪದ ಹೋಲ್ಡರು. ಅನಂತರ ಕಿಡಿಯೇಳದಂಥ ಡೈನಮೊ. ಆಮೇಲೆ ಬಂದರುಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ಭಾರವೆತ್ತುವ ವಿದ್ಯುತ್ ಕ್ರೇನುಗಳು. ಒತ್ತಿ ತಿರುಗಿಸಿದರೆ ಎರಡು ಮೊಳೆಗಳ ಮೇಲೆ ಭದ್ರವಾಗಿ ಕೂಡುವ ಬಲ್ಬಿನ ಹೋಲ್ಡರನ್ನು ನಮ್ಮ ಮನೆಗಳಲ್ಲಿ ಎಲ್ಲರೂ ಬಲ್ಲರು. ಆ ಬಗೆಯ ಹೋಲ್ಡರಿನ ಸುಧಾರಣೆಗಾಗಿ 1897ರಲ್ಲಿ ಪೇಟೆಂಟು ಪಡೆದವರಲ್ಲಿ ಈ ರಾಯ್ಸನೂ ಒಬ್ಬನೆಂದರೆ, ಆತನ ಬಂಡಿಯನ್ನು ಎಂದೂ ಏರದ ಬಡ ಗುಮಾಸ್ತನಿಗೂ ಆತನ ಋಣ ಸ್ವಲ್ಪಮಟ್ಟಿಗೆ ಇದೆಯೆಂದಾಯಿತು.

ದುಡಿಮೆಯಲ್ಲಿ ಆತನಿಗೆ ಮಿತಿಯೆಂಬುದೇ ಇರಲಿಲ್ಲ. ಊಟ ಮರೆಯುವುದು ನಿತ್ಯದ ಪದ್ಧತಿಯಾದುದರಿಂದ ಹಾಲಿನ ಲೋಟವನ್ನು ಹಿಡಿದು ಆತನ ಹಿಂದೆ ಕಾರ್ಖಾನೆಯಲ್ಲೆಲ್ಲ ಅಲೆಯುವುದಕ್ಕೆ ಒಬ್ಬ ಹುಡುಗನನ್ನೇ ಗೊತ್ತುಮಾಡಬೇಕಾಯಿತು. ನಟ್ಸ್‌ಫರ್ಡಿನಲ್ಲಿ ಮನೆ ಮಾಡಿದ ಮೇಲೆ, ಹಗಲು ವೇಳೆ ಸಾಲದೆ, ತೋಟದಲ್ಲಿ ವಿದ್ಯುದ್ದೀಪ ಹಾಕಿಸಿಕೊಂಡು ರಾತ್ರಿ ಗಿಡಗಳಿಗೆ ಪಾತಿ ಮಾಡುತ್ತಿದ್ದನು. 1902ರಲ್ಲಿ ದೇಹವು ಕುಸಿದುಬಿತ್ತು. ಜರ್ಮನಿ ಮತ್ತು ಅಮೆರಿಕಗಳ ಅಗ್ಗದ ಯಂತ್ರಗಳು ಬಂದು ಕ್ರೇನಿನ ವ್ಯಾಪಾರವೂ ಇಳಿಮುಖವಾಗಿದ್ದ ಕಾಲವದು. ಆಪ್ತರು ಬಲವಂತದಿಂದ ಆತನನ್ನು ಸುಮಾರು ಹತ್ತು ವಾರಗಳ ವಿಶ್ರಾಂತಿಗಾಗಿ ದಕ್ಷಿಣ ಆಫ್ರಿಕೆಗೆ ಹಡಗು ಹತ್ತಿಸಿದರು. ತಿರುಗಿ ಬಂದ ಬಳಿಕ ಆತನು ಕೊಂಡ ವಸ್ತುವು ಡೆಕಾವಿಲ್ ಎಂಬ ಫ್ರೆಂಚ್ ಕಂಪೆನಿಯ, ಬೇರೊಬ್ಬರು ಬಳಸಿ ಬಿಟ್ಟ, ಎರಡು ಸಿಲಿಂಡರಿನ ಮೋಟಾರು ಬಂಡಿ.

ಈ ಬಂಡಿಯ ಕಥೆಯನ್ನು ನಾವು ಸ್ವಲ್ಪ ನಿಧಾನವಾಗಿಯೇ ಹೇಳಬೇಕಾಗಿದೆ. ಡೆಕಾವಿಲ್ ಕೆಟ್ಟ ಬಂಡಿಯೇನೂ ಆಗಿರಲಿಲ್ಲ. ಆ ದಿನಗಳ ಉತ್ತಮ ಬಂಡಿಗಳಲ್ಲಿ ಅದೂ ಒಂದು. ಆದರೆ ಅದು ಸದ್ದು ಮಾಡುತ್ತಿತ್ತು, ಅತಿಯಾಗಿ ಕಾಯುತ್ತಿತ್ತು, ಅದರ ವಿದ್ಯುತ್ ಜೋಡಣೆಯು ನಂಬಿಕೆಗೆ ಅರ್ಹವಾಗಿರಲಿಲ್ಲ. ಬೇರೆಯವರು ಇವನ್ನೆಲ್ಲ ಮೋಟಾರಿನ ಸಹಜ ಧರ್ಮವೆಂದು ಸಹಿಸಿಕೊಂಡಿದ್ದರು. ರಾಯ್ಸನು ಸಹಿಸಲಾರದೆ ಬಂಡಿಯನ್ನು ಪೂರ್ತಿಯಾಗಿ ಬಿಚ್ಚಿ ಹರಡಿದನು. ಸದ್ದು ಎಲ್ಲಿ ಹುಟ್ಟುತ್ತದೆ, ಉಷ್ಣ ಏಕೆ ಉಳಿಯುತ್ತದೆ, ಕಿಡಿ ಏಕೆ ತಪ್ಪುತ್ತದೆ ಎಂದು ಒಂದೊಂದು ಅಂಗವನ್ನೂ ವಿಚಾರಣೆಗೆ ಗುರಿಪಡಿಸಿದನು. ಮಾಡಿದುದು ಅಷ್ಟೇ ಚೆನ್ನಾಗಿದ್ದರೆ ಸಾಕೆಂದು ಬಿಡದೆ, ಮಾಡಬಹುದಾದುದಕ್ಕಿಂತ ಎಷ್ಟು ಕಡಿಮೆಯಾಗಿದೆಯೆಂದು ಅಳೆದನು. ಇಂದು ಹಳೆಯ ಬಂಡಿಯನ್ನು ಜೀರ್ಣೋದ್ಧಾರ ಮಾಡುವ ಕುಶಲಿಗಳು ಮಾಡುವುದೂ ಇದರ ಮೊದಲ ಅರ್ಧವನ್ನೇ. ಅವರು ಬಿಚ್ಚಿದ ಬಂಡಿಯನ್ನು ಮೊದಲು ಹೇಗಿತ್ತೋ ಹಾಗೆಯೇ ಜೋಡಿಸುವುದನ್ನು ಧರ್ಮವೆಂದು ತಿಳಿಯುತ್ತಾರೆ. ರಾಯ್ಸನು ಹಾಗೆ ಜೋಡಿಸುವುದನ್ನು ಅಧರ್ಮವೆಂದು ತಿಳಿದಿದ್ದನು.

ತನ್ನದೇ ಮೂರು ಬಂಡಿಗಳನ್ನು ಮಾಡುವೆನೆಂದು ಹೇಳಿದಾಗ ಪಾಲುದಾರ ಕ್ಲೇರ್‌ಮಂಟನಿಗೆ ಸಂತೋಷವಾಗಲಿಲ್ಲ. ಕ್ರೇನಿನ ಕಾರ್ಖಾನೆಯ ಒಂದು ಮೂಲೆಯಲ್ಲಿ, ಕೆಲವೇ ಜನ ಸಹಾಯಕರೊಡನೆ, ಕೆಲಸ ನಡೆಯಿತು. 1904ನೆಯ ಏಪ್ರಿಲ್ 1ರಂದು 10 ಅಶ್ವಶಕ್ತಿಯ ಮೊದಲ ಬಂಡಿಯು ಕುಕ್ ಸ್ಟ್ರೀಟಿನಿಂದ ಹೊರಟು, ಸುಮಾರು 15 ಮೈಲಿ ದೂರದ ನಟ್ಸ್‌ಫರ್ಡಿನ ಆತನ ಮನೆಯನ್ನು ತೊಂದರೆಯಿಲ್ಲದೆ ಮುಟ್ಟಿತು. ಅದರಲ್ಲಿ ಲೋಕವು ಹಿಂದೆ ಕಾಣದ ಹೊಸ ಸೃಷ್ಟಿ ಯಾವುದೂ ಇರಲಿಲ್ಲ. ಎರಡು ಸಿಲಿಂಡರುಗಳೇ ಇದ್ದವು, ಮೂರು ಗೇರುಗಳೇ ಇದ್ದವು. ಆದರೆ ಬಂಡಿ ನಿಂತಲ್ಲೇ ಎಂಜಿನು ತಿರುಗುತ್ತಿದ್ದರೆ ಪಕ್ಕದಲ್ಲಿ ನಿಂತವರಿಗೆ ಅದು ಓಡುತ್ತಿದೆಯೇ ಇಲ್ಲವೇ ಎಂದು ಸಂದೇಹ ಬರುತ್ತಿತ್ತು.

ಈ ಸುದ್ದಿಯು ಹೆನ್ರಿ ಎಡ್ಮಂಡ್ಸ್ ಎಂಬ ಇಬ್ಬರ ಮಿತ್ರನ ಮೂಲಕ ಲಂಡನ್ನಿನಲ್ಲಿ ಫ್ರೆಂಚ್ ಬಂಡಿಗಳನ್ನು ಮಾರುತ್ತಿದ್ದ ಚಾರ್ಲ್ಸ್ ರೋಲ್ಸನನ್ನು ಮುಟ್ಟಿತು. ಆತನಿಗೆ ಸ್ವದೇಶದ ಬಂಡಿಯೊಂದನ್ನು ಮಾರುವ ಹಂಬಲ. ಎರಡು ಸಿಲಿಂಡರಿನ ಬಂಡಿಗಳಲ್ಲಿ ಮಾತ್ರ ವಿಶ್ವಾಸವಿರಲಿಲ್ಲ. ಪ್ರಭುಪುತ್ರನೇ ಮೆಕ್ಯಾನಿಕ್ಕಿನ ಊರಿಗೆ ಬರಬೇಕಾಯಿತು, ಏಕೆಂದರೆ ಮೆಕ್ಯಾನಿಕ್ಕಿಗೆ ಕೆಲಸ ಬಿಟ್ಟು ಲಂಡನ್ನಿಗೆ ಹೋಗಲು ಪುರಸತ್ತು ಇರಲಿಲ್ಲ. 1904ನೆಯ ಮೇ 4ರಂದು ಮ್ಯಾಂಚೆಸ್ಟರಿನ ಮಿಡ್‌ಲ್ಯಾಂಡ್ ಹೋಟೆಲಿನಲ್ಲಿ ಭೇಟಿಯಾಯಿತು. ಬಂಡಿಯಲ್ಲಿ ಒಮ್ಮೆ ಕುಳಿತು ಬಂದ ರೋಲ್ಸನ ಸಂಶಯ ನಿವಾರಣೆಯಾಯಿತು. ಆ ವರ್ಷದ ಡಿಸೆಂಬರ್ 23ರಂದು ರಾಯ್ಸನು ಮಾಡಿದ ಬಂಡಿಗಳನ್ನೆಲ್ಲ ರೋಲ್ಸನೇ ಮಾರತಕ್ಕದ್ದೆಂದೂ ಅವು ಇಬ್ಬರ ಹೆಸರಿನಲ್ಲಿರತಕ್ಕದ್ದೆಂದೂ ಒಪ್ಪಂದವಾಗಿ, 1906ರಲ್ಲಿ ರೋಲ್ಸ್ ರಾಯ್ಸ್ ಲಿಮಿಟೆಡ್ ಹುಟ್ಟಿತು. ವ್ಯವಹಾರದ ಭಾರವನ್ನು ಹೊತ್ತವನು ಕ್ಲಾಡ್ ಜಾನ್ಸನ್ ಎಂಬ ಮೂರನೆಯವನು. ಆತನ ಹೆಸರು ಬಂಡಿಯ ಮೇಲಿಲ್ಲ. ಆದರೆ ಆತನಿಲ್ಲದಿದ್ದರೆ ಉಳಿದೆರಡು ಹೆಸರುಗಳೂ ಇಂದು ನಮಗೆ ತಿಳಿಯುತ್ತಿದ್ದವೋ ಇಲ್ಲವೋ.

ರಾಯ್ಸನ ಮಹಾಕೃತಿಯು 40/50 ಅಶ್ವಶಕ್ತಿಯ ಆರು ಸಿಲಿಂಡರಿನ ಬಂಡಿ. ಇದಕ್ಕೆ ಹಿಂದೆ ಆತನು ಮಾಡಿದ ಆರು ಸಿಲಿಂಡರಿನ ಬಂಡಿಯಲ್ಲಿ ಉದ್ದವಾದ ಕ್ರ್ಯಾಂಕ್ ದಂಡವು ಹಸಿ ಬಟ್ಟೆಯನ್ನು ಹಿಂಡಿದಂತೆ ತಿರುಚಿಕೊಂಡು ಕಂಪಿಸುವ ದೋಷವಿತ್ತು. ಆರು ಸಿಲಿಂಡರುಗಳ ಯಂತ್ರಕ್ಕೆ ಕೈಹಾಕಿದ ಅನೇಕರು ಆ ಕಾಲದಲ್ಲಿ ಇದೇ ಬಂಡೆಗೆ ತಲೆ ಒಡೆದುಕೊಂಡರು. ರಾಯ್ಸನು ಮೂರು ಮೂರರ ಎರಡು ಗುಂಪುಗಳನ್ನು ಒಂದಕ್ಕೊಂದು ಪ್ರತಿಬಿಂಬದಂತೆ ಜೋಡಿಸಿ, ದಂಡವನ್ನು ದಪ್ಪವಾಗಿಸಿ, ಅದನ್ನು ಏಳು ಬೇರಿಂಗುಗಳ ಮೇಲೆ ಕೂಡಿಸಿ, ಅವುಗಳಿಗೆ ಒತ್ತಡದಿಂದ ಎಣ್ಣೆ ಹರಿಯುವಂತೆ ಮಾಡಿ ಆ ಕಂಪನವನ್ನು ಅಡಗಿಸಿದನು. ಚೌಕಟ್ಟಿನ ಭಾಗಗಳನ್ನು ರಿವೆಟ್ಟು ಹೊಡೆದು ಬಿಡುವ ರೂಢಿಯಿದ್ದ ಕಡೆ ಸ್ವಲ್ಪ ಮೊನೆಗೂಡಿದ ಬೋಲ್ಟುಗಳನ್ನು ಮಾಡಿಸಿ, ಒಂದೊಂದು ರಂಧ್ರವನ್ನೂ ಕೈಯಿಂದ ನಯಗೊಳಿಸಿ, ಎಳ್ಳಷ್ಟೂ ಸಡಿಲವಿಲ್ಲದಂತೆ ಬಿಗಿಸಿದನು. ಇದಕ್ಕೆ ವೇಳೆಯೂ ಹಣವೂ ಹೆಚ್ಚು ಹಿಡಿಯಿತು. ಆದರೆ ಸಡಿಲವಿಲ್ಲದಲ್ಲಿ ಸದ್ದಿಲ್ಲ, ಸದ್ದಿಲ್ಲದಲ್ಲಿ ಸವೆತ ಕಡಿಮೆ. ಹಲವು ವರ್ಷಗಳ ಹಿಂದೆ ನಮ್ಮ ಮುದ್ರಣಾಲಯದ ಟ್ರೆಡಲ್ ಯಂತ್ರವನ್ನು ನೋಡಿಕೊಳ್ಳುತ್ತಿದ್ದ ಮೇಸ್ತ್ರಿಯು ಕಣ್ಣು ಮುಚ್ಚಿ ಯಂತ್ರದ ಸದ್ದನ್ನು ಕೇಳಿ ಯಾವ ತಿರುಪು ಸಡಿಲವಾಗಿದೆಯೆಂದು ಹೇಳಿಬಿಡುತ್ತಿದ್ದನು. ರಾಯ್ಸನ ಚರಿತ್ರೆಯನ್ನು ಓದುವಾಗಲೆಲ್ಲ ಆತನ ನೆನಪು ನಮಗೆ ಬರುತ್ತದೆ.

1907ರಲ್ಲಿ ಜಾನ್ಸನನು ಇಂಥ ಒಂದು ಬಂಡಿಗೆ ಬೆಳ್ಳಿಯ ಬಣ್ಣ ಬಳಿಸಿ, ಬೆಳ್ಳಿಯ ಮುಲಾಮು ಕೊಡಿಸಿ, ಸಿಲ್ವರ್ ಗೋಸ್ಟ್, ಅಂದರೆ ಬೆಳ್ಳಿಯ ಭೂತ, ಎಂದು ಹೆಸರಿಟ್ಟನು. ಭೂತದಂತೆ ಸದ್ದಿಲ್ಲದೆ ಬರುವುದೆಂಬ ಅಭಿಪ್ರಾಯ. ಬಳಿಕ ರಾಯಲ್ ಆಟೋಮೊಬೈಲ್ ಕ್ಲಬ್ಬಿನ ಪರೀಕ್ಷಕರನ್ನು ಕುಳ್ಳಿರಿಸಿಕೊಂಡು ಲಂಡನ್ ಮತ್ತು ಗ್ಲಾಸ್ಗೊ ನಗರಗಳ ನಡುವೆ ಹಗಲಿರುಳು ಓಡಿಸಿದರು. ಭಾನುವಾರ ಮಾತ್ರ ವಿರಾಮ. 629ನೆಯ ಮೈಲಿಯಲ್ಲಿ, ರಸ್ತೆಯ ಕುಲುಕಿಗೆ ಪೆಟ್ರೋಲಿನ ನಲ್ಲಿಯು ತಾನಾಗಿ ಮುಚ್ಚಿಕೊಂಡು ಬಂಡಿ ಒಮ್ಮೆ ನಿಂತಿತು. ಆಮೇಲೆ 14,371 ಮೈಲಿಗಳವರೆಗೆ ಅದು ತಾನಾಗಿ ನಿಲ್ಲಲಿಲ್ಲ. 15,000 ಮೈಲಿ ಪೂರೈಸಿದ ಮೇಲೆ ಪರೀಕ್ಷಕರು ಬಂಡಿಯನ್ನು ಸಂಪೂರ್ಣವಾಗಿ ಕಳಚಿ, ಪ್ರತಿಯೊಂದು ಭಾಗವನ್ನೂ ಅಳೆದು, ಹೊಸದರಂತೆ ಮಾಡುವುದಕ್ಕೆ ಬದಲಿಸಬೇಕಾದ ಭಾಗಗಳ ಬೆಲೆಯನ್ನು ಲೆಕ್ಕ ಹಾಕಿದರು: 2 ಪೌಂಡು, 2 ಷಿಲ್ಲಿಂಗು, 7 ಪೆನ್ಸು. ಮರುವರ್ಷವೇ ಈ ಜಾತಿಯ ಒಂದು ಬಂಡಿಯು ಮುಂಬಯಿಯಿಂದ ಕೊಲ್ಹಾಪುರದವರೆಗೆ ನಡೆದ ಪಂದ್ಯದಲ್ಲಿ ನಮ್ಮ ಸಹ್ಯಾದ್ರಿಯ ಘಟ್ಟಗಳನ್ನು ಹತ್ತಿಳಿದು ಕೀರ್ತಿ ಗಳಿಸಿ, ಗ್ವಾಲಿಯರಿನ ಮಹಾರಾಜರ ಕೈಸೇರಿತು. ಭಾರತದ ಅರಮನೆಗಳಿಗೂ ಈ ಕಂಪೆನಿಗೂ ನಂಟು ಬೆಳೆದುದು ಹೀಗೆ.

ಇಲ್ಲಿ ಒಂದು ಸಂಗತಿಯನ್ನು ಬಿಡಿಸಿ ಹೇಳುವುದು ಅವಶ್ಯಕ. ಆ ಕಾಲದಲ್ಲಿ ಕಂಪೆನಿಯು ಮಾರುತ್ತಿದ್ದುದು ಎಂಜಿನು, ಚಕ್ರ, ಚೌಕಟ್ಟುಗಳನ್ನೊಳಗೊಂಡ ಚಾಸಿಯನ್ನು ಮಾತ್ರ. 1908ರಲ್ಲಿ ಅದಕ್ಕೆ 985 ಪೌಂಡು. ಮೇಲಿನ ಒಡಲನ್ನು ಕೊಂಡವರು ಬಾರ್ಕರ್, ಹೂಪರ್ ಮುಂತಾದ ಸಾರೋಟು ಕಟ್ಟುವ ಮನೆತನಗಳಿಂದ ಬೇರೆಯಾಗಿ ಮಾಡಿಸಿಕೊಳ್ಳಬೇಕಾಗಿತ್ತು. ಮೂತಿಯ ಮೇಲೆ ರೆಕ್ಕೆ ಹರಡಿ ನಿಂತಿರುವ ಬೆಳ್ಳಿಯ ಬೊಂಬೆಯು 1911ರಲ್ಲಿ ಚಾರ್ಲ್ಸ್ ಸೈಕ್ಸ್ ಎಂಬ ಶಿಲ್ಪಿಯ ಕೈಯಿಂದ ಬಂದುದು. ರಾಯ್ಸನಿಗೆ ಅದು ಅಷ್ಟಾಗಿ ಹಿಡಿಸಲಿಲ್ಲವೆಂದೇ ಹೇಳುತ್ತಾರೆ. ಆದುದರಿಂದ ಮೆರವಣಿಗೆಯಲ್ಲಿ ನಾವು ಕಣ್ಣರಳಿಸಿ ನೋಡುವ ಬಣ್ಣ, ಚರ್ಮ, ಬೊಂಬೆ ಇವು ಯಾವುವೂ ರಾಯ್ಸನ ಕೆಲಸವಲ್ಲ. ಆತನ ಕೆಲಸವನ್ನು ನೋಡಬೇಕಾದರೆ ನೆಲದ ಮೇಲೆ ಅಂಗಾತ ಮಲಗಿ ಬಂಡಿಯ ಕೆಳಗೆ ನುಸುಳಬೇಕು. ಬಹುಮಾನವನ್ನು ಕೊಡುವವರಲ್ಲಿ ಕೆಲವರಾದರೂ ಅಂಗಿ ಕೊಳೆಯಾಗುವುದನ್ನು ಲೆಕ್ಕಿಸದೆ ಹಾಗೆ ಮಾಡುವರೆಂದು ಕೇಳಿ ನಮಗೆ ಸಂತೋಷವಾಗಿದೆ.

1908ರಲ್ಲಿ ಕಾರ್ಖಾನೆಯು ಡರ್ಬಿ ಪಟ್ಟಣಕ್ಕೆ ಹೋಯಿತು. 1910ನೆಯ ಜುಲೈ 12ರಂದು ಬೋರ್ನ್‌ಮತ್ತಿನಲ್ಲಿ ವಿಮಾನ ಮುರಿದು ಬಿದ್ದು ರೋಲ್ಸನು ಮಡಿದನು. ವಯಸ್ಸು ಇನ್ನೂ 32. ಮರುವರ್ಷ ರಾಯ್ಸನೇ ಹಾಸಿಗೆ ಹಿಡಿದನು. ದೊಡ್ಡ ಶಸ್ತ್ರಚಿಕಿತ್ಸೆಯಾಯಿತು, ಇನ್ನು ಕೆಲವು ತಿಂಗಳೆಂದು ವೈದ್ಯರು ಕೈಚೆಲ್ಲಿದರು. ಜಾನ್ಸನನು ಆತನನ್ನು ಬಂಡಿಯಲ್ಲಿ ಕುಳ್ಳಿರಿಸಿಕೊಂಡು ಫ್ರಾನ್ಸ್, ಈಜಿಪ್ಟ್ ಎಂದು ಸುತ್ತಾಡಿಸಿ, ಫ್ರಾನ್ಸಿನ ದಕ್ಷಿಣ ಕರಾವಳಿಯ ಲ ಕನಡೆಲ್ ಎಂಬಲ್ಲಿ ಚಳಿಗಾಲಕ್ಕೊಂದು ಮನೆ ಕಟ್ಟಿಸಿಕೊಟ್ಟನು. ಈಥೆಲ್ ಆಬಿನ್ ಎಂಬ ದಾದಿಯು ಕಡೆಯವರೆಗೂ ಆತನ ಶುಶ್ರೂಷೆ ಮಾಡಿದಳು. ಪತ್ನಿ ಮಿನ್ನಿಯೊಡನೆ ಸಂಸಾರವು ಅಷ್ಟುಹೊತ್ತಿಗೆ ಬೇರೆಯಾಗಿತ್ತು. ಆತನ ಪ್ರಥಮ ಪ್ರೀತಿ ಯಾವುದರ ಮೇಲಿತ್ತೆಂಬುದನ್ನು ಆ ಮಹಿಳೆಯು ಬಹಳ ಹಿಂದೆಯೇ ಅರಿತಿರಬೇಕು. ಈ ವಿಷಯದಲ್ಲಿ ರಾಯ್ಸನನ್ನು ಹೊಗಳುವುದಕ್ಕೆ ನಮಗೇನೂ ಕಾಣದು.

ವೈದ್ಯರು ಕೊಟ್ಟ ಕೆಲವು ತಿಂಗಳುಗಳು 21 ವರ್ಷಗಳಾಗಿ ಬೆಳೆದುವು. ಆದರೆ ಡರ್ಬಿಯ ಕಾರ್ಖಾನೆಗೆ ಆತನನ್ನು ಹೋಗಗೊಡಲಿಲ್ಲ. ಅಲ್ಲಿಗೆ ಹೋದರೆ ಹಳೆಯ ಚಾಳಿಯಂತೆ ಕೆಲಸಕ್ಕೆ ಬಿದ್ದು ಸಾಯುವನೆಂಬ ಭಯ; ಜೊತೆಗೆ, ಆತನು ಬಂದರೆ ನಡೆಯುತ್ತಿರುವ ಕೆಲಸವನ್ನೆಲ್ಲ ನಿಲ್ಲಿಸಿ ಉತ್ತಮಪಡಿಸತೊಡಗುವನೆಂಬ ಭಯವೂ ಇದ್ದಿತೆಂದು ಹಾಸ್ಯವಾಗಿ ಹೇಳುತ್ತಾರೆ. ಆತನು ಸಮುದ್ರತೀರದ ಮನೆಗಳಲ್ಲಿ, 1917ರಿಂದ ವೆಸ್ಟ್ ವಿಟರಿಂಗ್ ಎಂಬ ಹಳ್ಳಿಯಲ್ಲಿ, ನಾಲ್ಕಾರು ಜನ ನಕ್ಷೆಗಾರರನ್ನು ನೆರೆಯಲ್ಲಿಯೇ ಇರಿಸಿಕೊಂಡು ಕೆಲಸ ಸಾಗಿಸಿದನು. ಡರ್ಬಿಯಲ್ಲಿ ಮಾಡಿದ ಭಾಗಗಳು ಆತನ ಪರೀಕ್ಷೆಗೆ ಬರುವುವು. ಆತನ ಟಿಪ್ಪಣಿಗಳು ಡರ್ಬಿಗೆ ಹೋಗುವುವು. ಆ ಟಿಪ್ಪಣಿಗಳನ್ನು ಕಂಪೆನಿಯವರು ಪುಸ್ತಕವಾಗಿ ಕಟ್ಟಿಸಿ ತಮ್ಮ ಎಂಜಿನಿಯರುಗಳಿಗೆ ಪಾಠಗ್ರಂಥವನ್ನಾಗಿ ಇರಿಸಿದರು. ವರ್ಷದಲ್ಲಿ ಒಂದು ದಿನ ಶಾಲೆಗೆ ತಪ್ಪಿದರೆ ಮಗನ ಭವಿಷ್ಯ ಹಾಳಾಯಿತೆಂದು ಕಣ್ಣೀರಿಡುವ ತಂದೆತಾಯಿಗಳು ಇದನ್ನು ಗಮನಿಸಬಹುದು; ಶಾಲೆಯನ್ನು ಬಿಡಿಸಬೇಕೆಂಬುದು ಮಾತ್ರ ನಮ್ಮ ಅಭಿಪ್ರಾಯವಲ್ಲ. ಓದು ತಪ್ಪಿದ ದುಃಖವನ್ನು ಆತನೇ ಕೊನೆಯವರೆಗೂ ಬಲ್ಲವನಾಗಿದ್ದನು.

ಮೊದಲ ಮಹಾಯುದ್ಧವು ಆತನನ್ನು ನೆಲದಿಂದ ಆಕಾಶಕ್ಕೆ ತಿರುಗಿಸಿತು. ಸರ್ಕಾರವು ಬೇರೆಯವರ ವಿನ್ಯಾಸದ ವಿಮಾನ ಎಂಜಿನುಗಳನ್ನು ಮಾಡಿಕೊಡೆಂದು ಕೇಳಿದರೆ, ರಾಯ್ಸನು ತನ್ನದೇ ಹನ್ನೆರಡು ಸಿಲಿಂಡರಿನ ಈಗಲ್ ಎಂಬ ಎಂಜಿನನ್ನು ರಚಿಸಿದನು. 1915ರ ಆದಿಯಲ್ಲಿ ಅದು ತಿರುಗಿತು. ಯುದ್ಧ ಮುಗಿದ ಮೇಲೆ, 1919ರ ಜೂನಿನಲ್ಲಿ, ಆಲ್ಕಾಕ್ ಮತ್ತು ಬ್ರೌನ್ ಎಂಬ ವೀರರಿಬ್ಬರು ಎಲ್ಲಿಯೂ ಇಳಿಯದೆ ಅಟ್ಲಾಂಟಿಕ್ ಮಹಾಸಾಗರವನ್ನು ಮೊತ್ತಮೊದಲು ದಾಟಿದ ವಿಮಾನದಲ್ಲಿದ್ದುವು ಇಂಥ ಎರಡು ಈಗಲ್ ಎಂಜಿನುಗಳೇ. ಇತ್ತ ಮೋಟಾರುಗಳಲ್ಲಿ ಸಿಲ್ವರ್ ಗೋಸ್ಟಿನ ಬಳಿಕ 1925ರಲ್ಲಿ ಫ್ಯಾಂಟಮ್ ಬಂದಿತು. ತಡೆಯ ವಿಷಯದಲ್ಲಿ ಸ್ಪೇನಿನ ಹಿಸ್ಪಾನೊ ಸುಯಿಜಾ ಕಂಪೆನಿಯವರ ಯಂತ್ರಸಹಾಯದ ಬ್ರೇಕು ತನ್ನದಕ್ಕಿಂತ ಮೇಲೆಂದು ಕಂಡಾಗ, ಅದನ್ನು ಎತ್ತಿಕೊಂಡು ತನ್ನ ರೀತಿಯಲ್ಲಿ ತಿದ್ದಿ ಬಳಸಲು ಆತನು ನಾಚಲಿಲ್ಲ. ಹೊಸದನ್ನು ಕಂಡುಹಿಡಿದವನೆಂಬ ಕೀರ್ತಿಯ ಹಸಿವು ಆತನಿಗೆ ಇರಲೇ ಇಲ್ಲ.

ನಾವು ಆತನನ್ನು ದೇವರನ್ನಾಗಿ ಮಾಡಹೊರಟಿಲ್ಲ. ಆತನ ಬಂಡಿಯು ಸಾಮಾನ್ಯ ಮನುಷ್ಯನದಲ್ಲ. ಸಿಲ್ವರ್ ಗೋಸ್ಟಿನ ಜಾತಿಯ ಬಂಡಿಗಳು ಇಪ್ಪತ್ತು ವರ್ಷಗಳ ಕಾಲದಲ್ಲಿ ಇಂಗ್ಲೆಂಡ್ ಮತ್ತು ಅಮೆರಿಕಗಳೆರಡರಲ್ಲಿಯೂ ಕೂಡಿ 8,000 ಆಗಲಿಲ್ಲ. 1908ರಲ್ಲಿ ಹೊರಟ ಹೆನ್ರಿ ಫೋರ್ಡನ ಮಾಡೆಲ್ ಟಿ ಬಂಡಿಯು 1927ರ ವೇಳೆಗೆ 1,50,00,000 ದಾಟಿತು. ರೈತನನ್ನೂ ವೈದ್ಯನನ್ನೂ ಗಾಡಿಯ ಮೇಲೆ ಕೂಡಿಸಿದವನು ಫೋರ್ಡ್. ಅರಸರನ್ನು ಕೂಡಿಸಿದವನು ರಾಯ್ಸ್. ನಮ್ಮ ಸಂಸ್ಥಾನಿಕರಲ್ಲಿ ಕೆಲವರು ಪ್ರಜೆಗಳ ಕಂದಾಯದಿಂದ ಇಂಥ ಬಂಡಿಗಳನ್ನು ಸಾಲುಸಾಲಾಗಿ ಕೊಂಡ ಕಾಲದಲ್ಲಿ ಹಳ್ಳಿಗಳಿಗೆ ರಸ್ತೆಯೇ ಇರಲಿಲ್ಲವೆಂಬುದನ್ನೂ ನಾವು ಮರೆಯಲಾಗದು. ಆದರೆ ಆ ದೋಷವು ಕೊಂಡವರದು. ಕೈಯಲ್ಲಿದ್ದ ಕೆಲಸವು ಅರಸನಿಗೋ ಆಳಿಗೋ ಎಂದು ಎಣಿಸಿ ರಾಯ್ಸನು ಅರವನ್ನು ಹಗುರವಾಗಿ ಆಡಿಸಿದುದಿಲ್ಲ; ಎರಡು ಮೊಳೆಯ ಹೋಲ್ಡರನ್ನೂ ಆತನು ಅದೇ ಶ್ರದ್ಧೆಯಿಂದ ಮಾಡಿದ್ದನು.

ಇಂಥ ಮೆಕ್ಯಾನಿಕ್ಕುಗಳಿಗೆ ನಮ್ಮಲ್ಲಿ ಎಡೆ ದೊರೆಯಲೆಂದೇ ಸರ್ ಎಂ. ವಿಶ್ವೇಶ್ವರಯ್ಯನವರು ವೃದ್ಧಾಪ್ಯದಲ್ಲಿ, 1935ರ ಸುಮಾರಿನಲ್ಲಿ, ಯೂರೋಪು ಅಮೆರಿಕಗಳನ್ನು ಸುತ್ತಿ ಮೋಟಾರು ಕಾರ್ಖಾನೆಯ ಯೋಜನೆಯನ್ನು ಸಿದ್ಧಪಡಿಸಿದರು. ಆಗಿನ ಭಾರತ ಸರ್ಕಾರದ ಬೆಂಬಲ ಸಿಕ್ಕದೆ ಅದು ಬೆಂಗಳೂರಿನಲ್ಲಿ ನೆಲೆಗೊಳ್ಳಲಿಲ್ಲ. ಆದರೆ ಸ್ವಾತಂತ್ರ್ಯಾನಂತರ ಅದೇ ಬೆಂಗಳೂರಿನ ಹಿಂದೂಸ್ತಾನ್ ಏರೊನಾಟಿಕ್ಸ್ ಕಾರ್ಖಾನೆಯಲ್ಲಿ ರೋಲ್ಸ್ ರಾಯ್ಸ್ ಕಂಪೆನಿಯ ಡಾರ್ಟ್ ಮುಂತಾದ ವಿಮಾನ ಎಂಜಿನುಗಳನ್ನು ಪರವಾನಗಿಯ ಮೇಲೆ ಕನ್ನಡದ ಕೈಗಳು ಕಟ್ಟಿದುವು. ಇವರ ಹೆಸರುಗಳೂ ಯಾವ ಹಲಗೆಯ ಮೇಲೂ ಇಲ್ಲ.

ಪುನಃ ವೆಸ್ಟ್ ವಿಟರಿಂಗಿಗೆ ಬರೋಣ. 1928ರಲ್ಲಿ ಆತನಿಗೆ 65 ವರ್ಷ. ಷ್ನೈಡರ್ ಟ್ರೋಫಿ ಎಂಬ ಜಲವಿಮಾನಗಳ ಪಂದ್ಯಕ್ಕಾಗಿ ಅಪೂರ್ವಶಕ್ತಿಯ ಎಂಜಿನು ಬೇಕೆಂದು ಕಂಪೆನಿಯ ಎಂಜಿನಿಯರುಗಳು ಆತನಲ್ಲಿಗೆ ಬಂದರು. ಎಲ್ಲರೂ ಕಡಲತೀರದಲ್ಲಿ ನಡೆಯುತ್ತಿರುವಾಗ ಮುದುಕನು ಕೈಗೋಲಿನಿಂದ ಮರಳಿನ ಮೇಲೆಯೇ ಎಂಜಿನಿನ ರೂಪರೇಖೆಯನ್ನು ಬರೆದು ತೋರಿಸಿದನೆಂದು ಪ್ರಸಿದ್ಧಿಯಿದೆ. ಆ ಎಂಜಿನಿಗೆ ಆರ್ ಎಂದೇ ಹೆಸರು. 1929ರಲ್ಲಿ ಸುಮಾರು 1,900 ಅಶ್ವಶಕ್ತಿ ಕೊಟ್ಟು ಅದು ಪಂದ್ಯವನ್ನು ಗೆದ್ದಿತು. 1930ರಲ್ಲಿ ರಾಯ್ಸನು ಬ್ಯಾರನೆಟ್ ಪದವಿ ಪಡೆದು ಸರ್ ಹೆನ್ರಿಯಾದನು. 1931ರಲ್ಲಿ ಸರ್ಕಾರವು ಹಣವಿಲ್ಲವೆಂದು ಹಿಂಜರಿದಾಗ ಲೇಡಿ ಹೌಸ್ಟನ್ ಎಂಬ ಶ್ರೀಮಂತೆ 1,00,000 ಪೌಂಡು ಕೊಟ್ಟಳು. ಎಂಜಿನು 2,300 ಅಶ್ವಶಕ್ತಿಗೆ ಏರಿತು. ಟ್ರೋಫಿಯು ಶಾಶ್ವತವಾಗಿ ಬ್ರಿಟನ್ನಿಗೆ ದಕ್ಕಿತು. ಅದೇ ತಿಂಗಳ ಕಡೆಯಲ್ಲಿ ವಿಮಾನವು ಗಂಟೆಗೆ 407 ಮೈಲಿಯ ವೇಗವನ್ನು ಮೀರಿತು. ಈ ಅನುಭವದ ಬೆಂಬಲದಿಂದಲೇ ಮುಂದೆ ಮರ್ಲಿನ್ ಎಂದು ಹೆಸರಾದ ಎಂಜಿನಿನ ಕೆಲಸವು ಪ್ರಾರಂಭವಾಯಿತು. ಅದು ಮೊದಲ ಸಲ ತಿರುಗಿದುದು 1933ರ ಅಕ್ಟೋಬರಿನಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಹರಿಕೇನ್, ಸ್ಪಿಟ್‌ಫೈರ್ ವಿಮಾನಗಳನ್ನು ಹಾರಿಸಿದುದು ಅದೇ. ರಾಯ್ಸನು ಅದನ್ನು ಕಾಣಲಿಲ್ಲ.

ಆತನ ಮರಣದ ದುಃಖಕ್ಕಾಗಿ ಬಂಡಿಯ ಮೇಲಣ ಕೆಂಪು ಅಕ್ಷರಗಳನ್ನು ಕಪ್ಪಾಗಿಸಿದರೆಂಬ ಕಥೆಯು ಎಲ್ಲೆಡೆ ಹಬ್ಬಿದೆ. ಇದು ನಿಜವಲ್ಲ. ಕೆಂಪು ಬಣ್ಣವು ಬಂಡಿಗಳ ಬಣ್ಣಕ್ಕೆ ಹೊಂದದೆಂದು ಬದಲಾವಣೆಯನ್ನು ಮೊದಲೇ ನಿಶ್ಚಯಿಸಿದ್ದರು. ಸಿಲ್ವರ್ ಗೋಸ್ಟ್ ಬಂಡಿಯ ಕಥೆ ಮಾತ್ರ ನಿಜವಾದುದು. 1908ರಲ್ಲಿ ಒಬ್ಬ ಖಾಸಗಿ ಗೃಹಸ್ಥನಿಗೆ ಮಾರಲ್ಪಟ್ಟ ಆ ಬಂಡಿಯು 40 ವರ್ಷ ಹೊರಗೆ ದುಡಿದು 1948ರಲ್ಲಿ ಕಂಪೆನಿಗೆ ಹಿಂತಿರುಗಿತು. ಜೀರ್ಣೋದ್ಧಾರ ಹೊಂದಿ ಈಗಲೂ ಓಡಬಲ್ಲದು. 1949ರಲ್ಲಿ 20-ಗೋಸ್ಟ್ ಕ್ಲಬ್ಬು, 1957ರಲ್ಲಿ ರೋಲ್ಸ್ ರಾಯ್ಸ್ ಎಂಥೂಸಿಯಾಸ್ಟ್ಸ್ ಕ್ಲಬ್ಬು ಸ್ಥಾಪನೆಯಾದುವು. ಬಂಡಿ ಬಂಡಿಗೂ ಕಾರ್ಖಾನೆಯವರು ಅಂದು ಬರೆದಿಟ್ಟ ದಾಖಲೆಪತ್ರಗಳು ಜೋಪಾನವಾಗಿ ಉಳಿದಿರುವುದರಿಂದಲೇ ಇಂದಿನ ಕುಶಲಿಗಳಿಗೆ ಕಳೆದುಹೋದ ಭಾಗವನ್ನು ಮೊದಲಿನಂತೆಯೇ ಮಾಡುವುದು ಸಾಧ್ಯವಾಗಿದೆ. ಕಡತವನ್ನು ಕಳೆಯದೆ ಇಡುವುದೂ ಒಂದು ವಿದ್ಯೆಯೇ ಸರಿ. ಕಚೇರಿಗಳಲ್ಲಿರುವ ನಮ್ಮ ವಾಚಕರು ಕ್ಷಮಿಸಬೇಕು.

1933ನೆಯ ಏಪ್ರಿಲ್ ತಿಂಗಳಲ್ಲಿ ಹಾಸಿಗೆಯಲ್ಲಿಯೇ ಎದ್ದು ಕುಳಿತು, ಸಿಕ್ಕಿದ ಕಾಗದದ ಮೇಲೆ, ಬಂಡಿಯ ಕುಲುಕನ್ನು ಬೇಕಾದಂತೆ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದಾದ ಒಂದು ಉಪಕರಣದ ನಕ್ಷೆಯನ್ನು ರಾಯ್ಸನು ಗೀಚಿದನು. ಅದನ್ನು ದಾದಿಯ ಕೈಗೆ ಕೊಟ್ಟು ಕಾರ್ಖಾನೆಯ ಹುಡುಗರಿಗೆ ಬೇಗನೆ ಮುಟ್ಟಿಸುವಂತೆ ಹೇಳಿದನು. ಮರುದಿನ, 22ರಂದು, ಆತನು ಕಾಲವಾದನು. ನಕ್ಷೆಯು ಡರ್ಬಿಯನ್ನು ಸೇರಿದುದು ಅದರ ಬಳಿಕ. ಚಿತಾಭಸ್ಮವನ್ನು ಮೊದಲು ಡರ್ಬಿಯ ಕಾರ್ಖಾನೆಯಲ್ಲಿಯೇ ಇರಿಸಿದ್ದು, 1937ರಲ್ಲಿ ಆಲ್ವಾಲ್ಟನ್ ಹಳ್ಳಿಯ ಇಗರ್ಜಿಗೆ, ಆತನ ತಂದೆಯ ಗಿರಣಿಯಿದ್ದ ಊರಿಗೆ, ಕೊಂಡೊಯ್ದು ನೆಲಕ್ಕಿಟ್ಟರು.